ಮೊಣಕಾಲಿನ ಹಳದಿ ಬಟ್ಟೆ

ಕಡಬ
6 ಜನವರಿ 2025

ಮೋಳೇ ಹನಾನ್,

ಅಸ್ಸಲಾಮು ಅಲೈಕುಂ. ನಾವಿಬ್ಬರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ನಿನ್ನ ಉಪ್ಪ ಕ್ಷೇಮ. ನನ್ನದು ಏನೆಂದು ಬರೆಯಲಿ, ನಿನ್ನೆ ನೀನು ಫೋನ್ ಇಟ್ಟಾಗಿನಿಂದ ಎದೆ ಒಂದೇ ಸಮ ಹೊಡೆದುಕೊಳ್ಳುತ್ತಿದೆ.

ನಿನ್ನ ಮೊಬೈಲಿನ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಆದಿತ್ಯವಾರ ಆಫೀಸಿನ ಫೋನಿನಲ್ಲಿ ಐದೇ ನಿಮಿಷ, ಹಿಂದೆ ಸಾಲು ನಿಂತಿರುತ್ತದೆ ಎಂದೆ. ಆ ಐದು ನಿಮಿಷದಲ್ಲಿ ನಾನು ಚಳಿ ಉಂಟಾ, ಊಟ ಆಯ್ತಾ ಎಂದು ಎರಡು ಮಾತು ಕೇಳಿ ಅತ್ತುಬಿಟ್ಟೆ. ಕೇಳಬೇಕಾದದ್ದು ಎಲ್ಲ ಇಲ್ಲಿಯೇ ಉಳಿಯಿತು. ಹಾಗಾಗಿ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ನಿಂತ ಓದು ನನ್ನದು, ಬ್ಲೌಸಿನ ಅಳತೆ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ತಪ್ಪಿದ್ದಲ್ಲಿ ನೀನೇ ಸರಿ ಮಾಡಿ ಓದು.

ಸುಳ್ಯದ ಕಾಲೇಜಿನಿಂದ ಎನ್‌ಸಿಸಿಯವರು ಕರೆದುಕೊಂಡು ಹೋಗುವಾಗ ಹದಿನಾಲ್ಕು ದಿನ ಎಂದಿದ್ದರು. ಹದಿನಾಲ್ಕು ದಿನ ನಾನು ಬೆರಳು ಮಡಚಿ ಕಳೆದೆ. ಈಗ ಉಳಿದವರೆಲ್ಲ ರೈಲು ಹತ್ತಿದ್ದಾರೆ, ನಿನ್ನನ್ನು ಮಾತ್ರ ಮಾರ್ಚ್‌ವರೆಗೆ ಅಲ್ಲಿಯೇ ಉಳಿಸಿಕೊಂಡಿದ್ದಾರೆ. ಅದೂ ಹಿಮದಲ್ಲಿ ಸುಮ್ಮನೆ ಜಾರುವುದಕ್ಕಲ್ಲ, ಉಬ್ಬುಗಳ ಮೇಲೆ ಜಾರುವುದಕ್ಕೆ ಎಂದೆಯಲ್ಲ, ಅದು ಎಂತ ಎಂದು ನನಗೆ ಅರ್ಥವಾಗಲಿಲ್ಲ. ಸಮ ಇರುವಲ್ಲಿ ಜಾರಿದರೆ ಸಾಲದೇ?

ನಾನು ಕುಳಿತಲ್ಲಿಯೇ ಉಸಿರು ಬಿಡುವುದು ನೋಡಿ ನಿನ್ನ ಉಪ್ಪ ಹೇಳುತ್ತಾರೆ: "ಗುಡ್ಡೆ ಇಳಿಯುದು ಅವಳು. ಏದುಸಿರು ಬಿಡುದು ನೀನು. ಇದೆಂತ ಲೆಕ್ಕ ಮಾರಾಯ್ತಿ?" ಮೀನಿನ ಪೆಟ್ಟಿಗೆಯ ಐಸನ್ನು ನನ್ನ ಅಂಗೈಯಲ್ಲಿಟ್ಟು, "ಇಕೋ, ನಿನ್ನ ಮಗಳ ಊರು, ನೋಡಿಕೋ" ಎಂದು ಸ್ಕೂಟರ್ ಬಿಟ್ಟುಕೊಂಡು ಹೋದರು. ಅವರಿಗೆ ಎಲ್ಲವೂ ತಮಾಷೆ.

ಬ್ಲೌಸ್ ಹೊಲಿಸಲು ಬಂದ ತಿಮ್ಮಕ್ಕ ಅದಕ್ಕಿಂತ ಮೇಲೆ. "ಸುಹರಾ, ನಿನ್ನ ಮಗಳು ಐಸಿನಲ್ಲಿ ಜಾರ್ಲಿಕ್ಕೆ ಕಲಿಯುದಂತೆ ಹೌದಾ? ನಾನು ಬಚ್ಚಲಿನ ಪಾಚಿಯಲ್ಲಿ ಒಮ್ಮೆ ಜಾರಿದ್ದಕ್ಕೆ ಪುತ್ತೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿಸಿದ್ರು. ಅದಕ್ಕೆ ಯಾವ ಕೋಚೂ ಬೇಕಾಗಿರ್ಲಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಸೂಜಿಗೆ ದಾರ ಹಾಕಲು ಆಗಲಿಲ್ಲ.

ಕಿವಿ ಮುಚ್ಚಿಕೋ. ಚಳಿಯಲ್ಲಿ ಕಿವಿ ಸತ್ತರೆ ಗೊತ್ತಾಗುವುದಿಲ್ಲವಂತೆ, ಮೊಬೈಲಿನಲ್ಲಿ ನೋಡಿದೆ. ಬಿದ್ದರೆ ಎತ್ತುವವರು ಹತ್ತಿರ ಇರುತ್ತಾರಾ? ಹಿಮ ಮೇಲಿನಿಂದ ಜರಿದು ಬರುವುದು ನೀನಿರುವ ಕಡೆಯಾ, ಬೇರೆ ಕಡೆಯಾ? ಒಂದೊಂದಕ್ಕೂ ಉತ್ತರ ಬರೆ. ಒಂದನ್ನೂ ಬಿಡಬೇಡ.

ನಿನ್ನ ಉಮ್ಮ
ಸುಹರಾ

*

ಗುಲ್‌ಮಾರ್ಗ್
15 ಜನವರಿ 2025

ಪ್ರೀತಿಯ ಉಮ್ಮಾ,

ವಅಲೈಕುಂ ಸಲಾಂ. ಕಿವಿ ಜೀವಂತ ಇದೆ. ಎತ್ತುವವರು ಇದ್ದಾರೆ. ಹಿಮ ಜರಿಯುವ ಗುಡ್ಡೆ ಬೇರೆ, ನಮ್ಮ ಗುಡ್ಡೆ ಬೇರೆ. ಒಂದನ್ನೂ ಬಿಡಲಿಲ್ಲ ನೋಡಿ.

ನಾನು ಕಲಿಯುವುದಕ್ಕೆ ಮೊಗಲ್ ಎನ್ನುತ್ತಾರೆ. ಇಳಿಜಾರಿನ ಹಿಮದಲ್ಲಿ ಉದ್ದಕ್ಕೂ ಉಬ್ಬು, ಉಬ್ಬಿನ ನಡುವೆ ಹೊಂಡ. ಮಗುಚಿಟ್ಟ ಕಡಾಯಿಗಳನ್ನು ಸಾಲಾಗಿ ಇಟ್ಟ ಹಾಗೆ ಕಾಣುತ್ತದೆ. ಕಾಲಿಗೆ ಉದ್ದದ ಸ್ಕೀ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಆ ಉಬ್ಬುಗಳ ನಡುವೆ ಎಡಕ್ಕೆ ಬಲಕ್ಕೆ ತಿರುಗುತ್ತಾ ಕೆಳಗೆ ಬರಬೇಕು. ನಾವು ಆರು ಹುಡುಗಿಯರಿದ್ದೇವೆ. ಫೆಬ್ರವರಿ 20ಕ್ಕೆ ಆಯ್ಕೆ. ಮೂವರನ್ನು ತೆಗೆದುಕೊಂಡು ಮಾರ್ಚ್ 22ರ ಸ್ಪರ್ಧೆಗೆ ಇಳಿಸುತ್ತಾರೆ. ನಮ್ಮ ಕೋಚ್ ಲಡಾಖಿನ ಒಬ್ಬರು ಅಕ್ಕ. ಮಾತು ಕಡಿಮೆ, ಕಣ್ಣು ಜಾಸ್ತಿ.

ಈಗ ನಿಮಗೊಂದು ಕೆಲಸ. ಇಲ್ಲಿ ಕೊಟ್ಟ ಪ್ಯಾಂಟು ಗಂಡಸರದ್ದು. ಒಳಗೆ ಎರಡು ಬಟ್ಟೆ ಹಾಕಿದರೂ ಸೊಂಟದಲ್ಲಿ ನಿಲ್ಲುವುದಿಲ್ಲ. ಹಿಮ ಬಿದ್ದು ದರ್ಜಿಯ ಅಂಗಡಿ ಮುಚ್ಚಿದೆ. ಸೊಂಟದಲ್ಲಿ ಹಿಡಿದು ಸಣ್ಣ ಮಾಡಿಕೊಡಿ. ಆಮೇಲೆ ಎರಡೂ ಮೊಣಕಾಲಿನ ಮೇಲೆ ಎದ್ದು ಕಾಣುವ ಬಣ್ಣದ ಬಟ್ಟೆಯ ತುಂಡು ಹೊಲಿಯಿರಿ, ಒಂದು ಗೇಣು ಚೌಕದ್ದು. ಕೆಳಗೆ ನಿಂತ ತೀರ್ಪುಗಾರರು ನಮ್ಮ ಮುಖ ನೋಡುವುದಿಲ್ಲ, ಮೊಣಕಾಲು ನೋಡುತ್ತಾರೆ. ಎರಡೂ ಅಂಟಿಕೊಂಡಿವೆಯಾ, ಒಟ್ಟಿಗೆ ಏಳುತ್ತವೆಯಾ ಎಂದು ದೂರದಿಂದ ಗೊತ್ತಾಗಬೇಕು. ಅದಕ್ಕೇ ಬಣ್ಣ.

ಪ್ಯಾಂಟು ಇದರ ಜೊತೆಗೇ ಪಾರ್ಸೆಲ್ ಮಾಡುತ್ತಿದ್ದೇನೆ. ಬೇಗ ಕಳುಹಿಸಿ. ಉಪ್ಪನಿಗೆ ಸಲಾಂ ಹೇಳಿ. ಇಲ್ಲಿ ಮೀನು ಸಿಕ್ಕುವುದಿಲ್ಲ, ಐಸು ಮಾತ್ರ ಎನ್ನಿ.

ನಿಮ್ಮ
ಹನಾನ್

*

ಕಡಬ
25 ಜನವರಿ 2025

ಮೋಳೇ,

ಸಲಾಂ. ಪ್ಯಾಂಟು ಬುಧವಾರ ಬಂತು. ನಾಳೆ ರಜೆ, ಹಾಗಾಗಿ ಇವತ್ತೇ ಓಡಿಹೋಗಿ ಸ್ಪೀಡ್ ಪೋಸ್ಟ್ ಮಾಡಿದೆ. ಪೋಸ್ಟಿನ ವೆಂಕಪ್ಪಣ್ಣ ತೂಕ ಮಾಡುವಾಗ, "ಇದೆಂತ ಸುಹರಕ್ಕ, ಒಳಗೆ ಹಾಸಿಗೆ ಇಟ್ಟಿದ್ದೀರಾ?" ಎಂದು ಕೇಳಿದರು. ಬರುವಾಗ ಇಷ್ಟು ಭಾರ ಇರಲಿಲ್ಲ, ನಿಜ.

ಸೊಂಟದಲ್ಲಿ ಎರಡೂ ಕಡೆ ಹಿಡಿದು ಒಳಗಿನಿಂದ ಇಲಾಸ್ಟಿಕ್ ಹಾಕಿದ್ದೇನೆ. ಮೊಣಕಾಲಿಗೆ ಹಳದಿ. ಮಳೆಗಾಲಕ್ಕೆ ಛತ್ರಿ ರಿಪೇರಿಗೆ ತಂದಿಟ್ಟ ಬಟ್ಟೆ ಅದು, ನೀರು ಹಿಡಿಯುವುದಿಲ್ಲ. ಮೊಣಕಾಲಿನ ಒಳಗೆ ಸ್ವಲ್ಪ ಗಟ್ಟಿ ಮಾಡಿದ್ದೇನೆ. ಬಿದ್ದರೆ ಪೆಟ್ಟಾಗಬಾರದು ಎಂದು. ಹೊಸತರಲ್ಲಿ ಸ್ವಲ್ಪ ಬಿಗಿ ಅನ್ನಿಸಬಹುದು, ಹೆಚ್ಚು ಯೋಚನೆ ಮಾಡಬೇಡ.

ಆಯ್ಕೆಯಲ್ಲಿ ಬರಲೇಬೇಕೆಂದು ಎಂತ ಇಲ್ಲ ಮೋಳೆ. ಆರು ಜನರಲ್ಲಿ ಮೂವರು ಬಾರದೆ ಇರಲೇಬೇಕಲ್ಲ. ಬಾರದವರು ಏನು ಕೆಟ್ಟವರಾ? ಫೆಬ್ರವರಿ ಕೊನೆಗೆ ಬಂದರೆ ರಂಜಾನಿನ ನೋಂಬಿಗೆ ಮನೆಯಲ್ಲಿ ಇರುತ್ತೀ. ನಿನ್ನ ಉಪ್ಪನೂ ಹಾಗೆಯೇ ಎಣಿಸುತ್ತಾರೆ, ಹೇಳುವುದಿಲ್ಲ ಅಷ್ಟೆ. ಇಲ್ಲ, ಅವರು ಹಾಗೆ ಎಣಿಸುವುದಿಲ್ಲ, ಅದು ನಾನೇ ಬರೆದದ್ದು.

ಈ ವಾರ ನನಗೆ ನಿದ್ದೆ ಕಡಿಮೆ. ನೀನು ಕಡಾಯಿಗಳ ಹಾಗೆ ಎಂದು ಬರೆದಾಗಿನಿಂದ ಅಡುಗೆಮನೆಯಲ್ಲಿ ಕಡಾಯಿ ಮಗುಚಿಡಲಿಕ್ಕೂ ಆಗುವುದಿಲ್ಲ.

ನಿನ್ನ ಉಮ್ಮ

*

ಗುಲ್‌ಮಾರ್ಗ್
28 ಜನವರಿ 2025

ಪ್ರೀತಿಯ ಉಮ್ಮಾ,

ಪಾರ್ಸೆಲ್ ಇನ್ನೂ ಬಂದಿಲ್ಲ, ಬೇರೆಯವರಿಂದ ಎರವಲು ತಂದ ಸಡಿಲ ಪ್ಯಾಂಟಿಗೇ ಹಗ್ಗ ಕಟ್ಟಿಕೊಂಡು ನಡೆಸುತ್ತಿದ್ದೇನೆ. ನೀವು ಹೆದರುವುದು ಗೊತ್ತಿಲ್ಲದ್ದಕ್ಕೆ. ಗೊತ್ತಾದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಕೋಚ್ ಅಕ್ಕ ಹೇಳುತ್ತಾರೆ. ಹಾಗಾಗಿ ಇವತ್ತು ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ.

ಉಪ್ಪಿನಂಗಡಿ ಬಸ್ಸಿನ ಕಂಡಕ್ಟರ್‌ಗಳನ್ನು ನೋಡಿದ್ದೀರಲ್ಲ. ಬಸ್ಸು ಹೊಂಡಕ್ಕೆ ಬಿದ್ದು ಎದ್ದರೂ ಅವರು ಎಲ್ಲಿಯೂ ಕೈ ಹಿಡಿಯದೆ ಟಿಕೆಟ್ ಹರಿದು ಕೊಡುತ್ತಾರೆ. ನಾವು ಸೀಟಿನಲ್ಲಿ ಕುಳಿತವರು ಹಾರುತ್ತೇವೆ, ನಿಂತ ಅವರು ಹಾರುವುದಿಲ್ಲ. ಯಾಕೆ? ಅವರ ಮೊಣಕಾಲು ಸುಮ್ಮನಿರುವುದಿಲ್ಲ. ಬಸ್ಸು ಏಳುವಾಗ ಮಡಚುತ್ತದೆ, ಇಳಿಯುವಾಗ ಬಿಚ್ಚುತ್ತದೆ. ಸೊಂಟದಿಂದ ಮೇಲೆ ಏನೂ ಆಗಿರುವುದಿಲ್ಲ. ಮೊಗಲ್ ಎಂದರೆ ಅಷ್ಟೇ ಉಮ್ಮಾ. ಉಬ್ಬು ಬಂದಾಗ ಮೊಣಕಾಲು ಎದೆಯ ಹತ್ತಿರ ಬರುವಷ್ಟು ಮಡಚಬೇಕು. ಉಬ್ಬಿನ ತಲೆ ದಾಟಿದ ಕೂಡಲೇ ಕಾಲನ್ನು ಉದ್ದ ಮಾಡಿ ಹೊಂಡದ ತಳಕ್ಕೆ ಒತ್ತಬೇಕು. ಹಲಗೆ ಯಾವಾಗಲೂ ಹಿಮಕ್ಕೆ ಅಂಟಿಕೊಂಡೇ ಇರಬೇಕು. ಹಿಮ ಬಿಟ್ಟಿತೋ, ನಾವು ಹೋದೆವು.

ಕಣ್ಣು ಕಾಲಿನ ಹತ್ತಿರದ ಉಬ್ಬಿನ ಮೇಲಲ್ಲ, ಮೂರನೆಯ ಉಬ್ಬಿನ ಮೇಲೆ. ಹತ್ತಿರದ್ದು ಬಂದಾಗಿದೆ, ಅದಕ್ಕೆ ಇನ್ನು ಮಾಡುವುದು ಏನಿಲ್ಲ. ಕೈಗಳು ಊಟದ ತಟ್ಟೆ ಹಿಡಿದ ಹಾಗೆ ಮುಂದೆ. ಎದೆ ಕೆಳಗಿನ ಕಡೆಗೆ. ಇದೇ ಕಷ್ಟದ್ದು. ಹೆದರಿದರೆ ಯಾರಾದರೂ ಹಿಂದಕ್ಕೆ ಒರಗುತ್ತಾರೆ, ಅಲ್ವಾ? ಹಿಂದಕ್ಕೆ ಒರಗಿದರೆ ಹಲಗೆಯ ಮೂತಿ ಹಗುರವಾಗಿ ಅದು ನಮ್ಮ ಮಾತು ಕೇಳುವುದನ್ನು ಬಿಡುತ್ತದೆ. ಯಾವ ಕಡೆಗೆ ಹೆದರಿಕೆಯೋ ಆ ಕಡೆಗೇ ಬಾಗಬೇಕು. ಮೊದಲ ವಾರ ನನಗೆ ಅಳು ಬರುತ್ತಿತ್ತು.

ಹಿಮಾಚಲದ ಒಬ್ಬಳು ಇದ್ದಳು. ಮೊಣಕಾಲು ನೋವೆಂದು ಗಟ್ಟಿ ಪಟ್ಟಿ ಬಿಗಿದುಕೊಂಡು ಯಾರಿಗೂ ಹೇಳದೆ ಇಳಿದಳು. ಕಾಲು ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ನಾಲ್ಕನೆಯ ಉಬ್ಬು ಅವಳನ್ನು ಕೇರುವ ಮೊರದಿಂದ ಅಕ್ಕಿ ಹಾರಿದ ಹಾಗೆ ಎಸೆಯಿತು. ಕೊರಳೆಲುಬು ಮುರಿದು ಊರಿಗೆ ಹೋದಳು. ಕೋಚ್ ಅಕ್ಕ ಅವತ್ತು ನಮ್ಮೆಲ್ಲರನ್ನು ಕೂರಿಸಿ ಒಂದೇ ಮಾತು ಹೇಳಿದರು. ಮಡಚುವ ಮೊಣಕಾಲಿನವಳು ಬಿದ್ದರೂ ಏಳುತ್ತಾಳೆ, ಮಡಚದವಳು ಇಳಿಯಲೇಬಾರದು ಎಂದು.

ನೋಡಿ, ಎಷ್ಟು ಸುಲಭ. ಮೊಣಕಾಲು ಮಡಚುವಷ್ಟು ದಿನ ನಿಮ್ಮ ಮಗಳಿಗೆ ಏನೂ ಆಗುವುದಿಲ್ಲ. ಇನ್ನು ನಿದ್ದೆ ಮಾಡಿ.

ನಿಮ್ಮ
ಹನಾನ್

*

ಕಡಬ
7 ಫೆಬ್ರವರಿ 2025, ಶುಕ್ರವಾರ

ಹನಾನ್,

ಈ ಪತ್ರ ಕೈಗೆ ಬಂದ ಕೂಡಲೇ ಆ ಪ್ಯಾಂಟು ಕಳಚಿ ಬಿಸಾಡು. ಹಾಕಬೇಡ. ಹಾಕಿ ಇಳಿಯಬೇಡ. ಇದನ್ನು ಮೊದಲು ಓದು, ಉಳಿದದ್ದನ್ನು ಆಮೇಲೆ ಓದು.

ನಿನ್ನ ಪತ್ರ ಹತ್ತು ಗಂಟೆಗೆ ಬಂತು. ಅಂಗಡಿಯಲ್ಲಿ ನಿಂತು ಓದಿದೆ. ಮೊರದಿಂದ ಅಕ್ಕಿ ಹಾರಿದ ಹಾಗೆ ಎಂಬಲ್ಲಿಗೆ ಬಂದಾಗ ಮೆಷಿನಿನ ಮೇಲಿದ್ದ ಬಟ್ಟೆಯನ್ನು ಹಾಗೆಯೇ ಬಿಟ್ಟೆ. ಓಡುತ್ತಾ ಪೋಸ್ಟಾಫೀಸಿಗೆ ಹೋದೆ. ವೆಂಕಪ್ಪಣ್ಣ ರಶೀದಿಯ ನಂಬರ್ ಮೊಬೈಲಿಗೆ ಹಾಕಿ ನೋಡಿ, "ತಲುಪಿದೆ ಮಾರಾಯ್ರೆ, ನಾಲ್ಕನೇ ತಾರೀಕಿಗೇ ಕೊಟ್ಟಾಗಿದೆ. ಇಷ್ಟು ಬೇಗ ಮುಟ್ಟಿದ್ದಕ್ಕೆ ನೀವು ಖುಷಿ ಪಡುದು ಬಿಟ್ಟು ಎಂತಕ್ಕೆ ಬೆವರುದು?" ಎಂದರು. ಅವರಿಗೆ ಎಂತ ಹೇಳಲಿ.

ಹೇಳುತ್ತೇನೆ ಮೋಳೆ. ನಿನಗೆ ಹೇಳದೆ ಇನ್ನು ಯಾರಿಗೆ ಹೇಳುವುದು.

ಮೊಣಕಾಲಿಗೆ ಸ್ವಲ್ಪ ಗಟ್ಟಿ ಮಾಡಿದ್ದೇನೆ ಎಂದು ಬರೆದೆನಲ್ಲ, ಅದು ಪೆಟ್ಟಿಗೆ ಅಲ್ಲ. ಶಾಲೆಯ ಚೀಲಕ್ಕೆ ಹಾಕುವ ಕ್ಯಾನ್‌ವಾಸ್ ಎರಡು ಪದರ ತೆಗೆದು, ತೊಡೆಯ ನಡುವಿನಿಂದ ಮೀನಖಂಡದವರೆಗೆ ಕೊಳವೆಯ ಹಾಗೆ ಕತ್ತರಿಸಿ ಒಳಗೆ ಕೂರಿಸಿದೆ. ಸುತ್ತಳತೆ ಎರಡು ಇಂಚು ಕಡಿಮೆ ಇಟ್ಟೆ. ಕಾಣಬಾರದೆಂದು ಮೇಲೆ ಹಳದಿ ಹೊದಿಸಿದೆ. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಪೂರ್ತಿ ಮಡಚಲಿಕ್ಕೆ ಆಗುವುದಿಲ್ಲ. ಆಗಬಾರದೆಂದೇ ಹೊಲಿದೆ.

ನೀನು ಮೊದಲ ಪತ್ರದಲ್ಲಿ ತೀರ್ಪುಗಾರರು ಮೊಣಕಾಲು ನೋಡುತ್ತಾರೆ ಎಂದು ಬರೆದಿದ್ದೆ. ಒಟ್ಟಿಗೆ ಏಳುತ್ತದಾ ನೋಡುತ್ತಾರೆ ಎಂದು. ಏಳದಿದ್ದರೆ ಅಂಕ ಕೊಡುವುದಿಲ್ಲ, ನಾಲ್ಕನೆಯವಳೋ ಐದನೆಯವಳೋ ಆಗಿ ನೀನು ಮನೆಗೆ ಬರುತ್ತೀ ಎಂದು ಎಣಿಸಿದೆ. ಅಷ್ಟೇ ಎಣಿಸಿದೆ. ಅಲ್ಲಾಹನ ಆಣೆ, ಮಡಚದ ಕಾಲು ಮನುಷ್ಯರನ್ನು ಎಸೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿಗಿಯಾಗಿದ್ದರೆ ಕಾಲಿಗೆ ಬಲ, ಬೀಳುವುದೂ ಕಡಿಮೆ ಎಂದೇ ನನ್ನ ಬುದ್ಧಿಗೆ ಬಂದದ್ದು.

ಇವತ್ತು ಏಳು. ಮೂರು ದಿನ ಆಯಿತು ಅದು ನಿನ್ನ ಕೈಯಲ್ಲಿ. ಈ ಪತ್ರಕ್ಕೆ ಇನ್ನು ಹತ್ತು ದಿನ ಬೇಕು. ಹಾಕಬೇಡ ಮೋಳೆ. ಹಗ್ಗ ಕಟ್ಟಿಕೊಂಡ ಸಡಿಲದ್ದೇ ಒಳ್ಳೆಯದು.

ಉಮ್ಮ

*

ಕಡಬ
10 ಫೆಬ್ರವರಿ 2025

ಹನಾನ್,

ಹಿಂದಿನ ಪತ್ರ ಸಿಗದಿದ್ದರೆ ಇದು ಸಿಗಲಿ. ಪ್ಯಾಂಟು ಹಾಕಬೇಡ. ಮೊಣಕಾಲಿನ ಹಳದಿಯ ಒಳಗೆ ಕ್ಯಾನ್‌ವಾಸ್ ಉಂಟು, ಕಾಲು ಮಡಚುವುದಿಲ್ಲ.

ನಿನ್ನೆ ಆದಿತ್ಯವಾರ. ಬೆಳಿಗ್ಗೆ ಎಂಟರಿಂದ ಫೋನಿನ ಎದುರು ಕುಳಿತೆ. ನಿನ್ನ ಫೋನ್ ಬರಲಿಲ್ಲ. ಮಧ್ಯಾಹ್ನ ನಿನ್ನ ಉಪ್ಪನ ಹತ್ತಿರ, ಅಳತೆ ತಪ್ಪಿ ಹೊಲಿದಿದ್ದೇನೆ, ಹೇಗಾದರೂ ಆಫೀಸಿಗೆ ಫೋನ್ ಮಾಡಿ ಎಂದೆ. ಅವರ ಹಿಂದಿ ನಿನಗೆ ಗೊತ್ತಲ್ಲ, ಬಂದರಿನ ಮೀನು ಹರಾಜಿನಲ್ಲಿ ಕಲಿತದ್ದು. ಹತ್ತು ಸಲ ಒತ್ತಿದ ಮೇಲೆ ಯಾರೋ ಎತ್ತಿದರು.

"ಹಲೋ, ಮೈ ಹನಾನ್ ಕಾ ಬಾಪ್. ಲಡ್ಕೀ ಕೋ ಬೋಲೋ, ಪ್ಯಾಂಟ್ ಮತ್ ಪೆಹನೋ!"

ಆ ಕಡೆಯವರು ಏನೋ ಕೇಳಿದರು. ಇವರು ಹರಾಜಿನ ಹಾಗೆ ಇನ್ನೂ ಜೋರಾಗಿ, "ಪ್ಯಾಂಟ್! ಪ್ಯಾಂಟ್! ಸಬ್ ಕೋ ಬೋಲೋ, ಮತ್ ಪೆಹನ್ನೇ ದೋ!" ಎಂದರು. ಹುಡುಗಿಗೆ ಪ್ಯಾಂಟು ಹಾಕಲು ಬಿಡಬೇಡಿ ಎಂದು ದೂರದ ಊರಿನಿಂದ ಒಬ್ಬ ಗಂಡಸು ಕಿರುಚಿದರೆ ಯಾರು ಕೇಳುತ್ತಾರೆ? ಬೈದು ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಸಂಜೆಯಿಂದ ಅದು ಬಡಿದುಕೊಳ್ಳುವುದೂ ಇಲ್ಲ. ಅಲ್ಲಿ ಹಿಮ ಜೋರಂತೆ, ಲೈನ್ ಹೋಗಿರಬೇಕು.

ಬೇರೆ ದಿನವಾದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಿನ್ನ ಉಪ್ಪ ಫೋನ್ ಇಟ್ಟು ನನ್ನ ಮುಖ ನೋಡಿದರು.

"ನೀನು ಅಳತೆ ತಪ್ಪುದಾ ಸುಹರಾ?"

ನಾನು ಫೋನ್ ತೆಗೆದುಕೊಂಡು ಆ ನಂಬರನ್ನೇ ಮತ್ತೆ ಒತ್ತಿದೆ.

"ಇಪ್ಪತ್ತು ವರ್ಷ ಆಯ್ತು ಅಂಗಡಿ ಇಟ್ಟು. ಒಂದು ಅಂಗಿಗೆ ಗುಬ್ಬಿ ಹಾಕುವ ಕಾಜು ತಪ್ಪಿದ್ದು ನಾನು ನೋಡ್ಲಿಲ್ಲ."

ಆಮೇಲೆ ಅವರು ನನಗೆ ಬೈಯಲಿಲ್ಲ. ಮೀನಿನ ಪೆಟ್ಟಿಗೆ ತೊಳೆದು, ಬಿಸಿಲಿಗಿಟ್ಟು, ಪುನಃ ತೊಳೆದರು. ಇವತ್ತು ಬೆಳಿಗ್ಗೆ ಸುಳ್ಯಕ್ಕೆ ನಿನ್ನ ಕಾಲೇಜಿಗೆ ಹೋಗಿ ಎನ್‌ಸಿಸಿಯ ಸಾರ್ ಅವರನ್ನು ಕಂಡು ಬಂದರು. ಸಾರ್ ಯಾರಿಗೋ ಮಿಲಿಟರಿಯವರಿಗೆ ಫೋನ್ ಮಾಡಿ ವಿಚಾರಿಸಿದರಂತೆ. ನಿಮ್ಮನ್ನೆಲ್ಲ ಮೇಲಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದಾರೆ, ಆಯ್ಕೆ ಮುಗಿಯುವವರೆಗೆ ಅಲ್ಲಿಯೇ. ಮನೆಯಿಂದ ಅರ್ಜೆಂಟ್ ಮಾತಾಡಬೇಕಂತೆ ಎಂದು ಹೇಳಿಸಿದ್ದಾರೆ.

"ಅಷ್ಟೇ ಹೇಳಿಸಿದ್ದಾ? ಪ್ಯಾಂಟಿನ ವಿಷಯ?" ಎಂದು ಕೇಳಿದೆ.

"ಉಮ್ಮ ಬೇಕೆಂದೇ ಹಾಗೆ ಹೊಲಿದಿದ್ದಾಳೆ ಅಂತ ಆ ಸಾರ್ ಹತ್ರ ಹೇಗೆ ಹೇಳುದು? ಬಾಯಿ ಬರ್ಲಿಲ್ಲ."

ಅವರ ಬಾಯಿ ಬಾರದ್ದು ನಾನು ಇದೇ ಮೊದಲು ನೋಡಿದ್ದು.

ಉಮ್ಮ

*

ಕಡಬ
16 ಫೆಬ್ರವರಿ 2025

ಹನಾನ್,

ಇವತ್ತೂ ಆದಿತ್ಯವಾರ, ಇವತ್ತೂ ಫೋನಿಲ್ಲ. ಇನ್ನು ನಾಲ್ಕು ದಿನ. ಈ ಪತ್ರ ನಿನಗೆ ಸಿಕ್ಕುವಾಗ ಎಲ್ಲ ಮುಗಿದಿರುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರೆಯುವಷ್ಟು ಹೊತ್ತು ನೀನು ಎಲ್ಲಿಯೋ ಕುಳಿತು ಓದುತ್ತೀ ಎಂದು ಅನ್ನಿಸುತ್ತದೆ.

ನನ್ನ ಓದು ಆರಕ್ಕೆ ಯಾಕೆ ನಿಂತಿತು ಎಂದು ನೀನು ಚಿಕ್ಕವಳಿರುವಾಗ ಕೇಳುತ್ತಿದ್ದೆ. ಮನೆಯಲ್ಲಿ ಕಷ್ಟ ಇತ್ತು ಎಂದು ಹೇಳುತ್ತಿದ್ದೆ. ಹಾಗೆ ಹೇಳಿದರೆ ಯಾರೂ ಮತ್ತೆ ಕೇಳುವುದಿಲ್ಲ. ನಿಜ ಅದಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಹೊಳೆಗೆ ಕಾಲುಸಂಕ ಇತ್ತು, ನಾಲ್ಕು ಅಡಿಕೆ ಮರ ಜೋಡಿಸಿ ಬಳ್ಳಿ ಕಟ್ಟಿದ್ದು. ಆಷಾಢದಲ್ಲಿ ನೀರು ಸಂಕದ ಹೊಟ್ಟೆಗೆ ತಾಗುತ್ತಿತ್ತು. ಉಳಿದ ಮಕ್ಕಳು ಓಡಿಹೋಗುತ್ತಿದ್ದರು. ಒಂದು ದಿನ ನಾನು ನಡುವಿಗೆ ಹೋಗಿ ನೀರು ನೋಡಿದೆ. ನೋಡಿದ್ದೇ ತಪ್ಪು. ಸಂಕವೇ ನೀರಿಗೆ ಎದುರಾಗಿ ಓಡುತ್ತಿದೆ ಎಂದು ಕಂಡಿತು. ಅಲ್ಲಿಯೇ ಕುಳಿತುಬಿಟ್ಟೆ. ಎಷ್ಟು ಹೊತ್ತು ಗೊತ್ತಿಲ್ಲ. ನನ್ನ ಉಮ್ಮ, ನಿನ್ನ ಮೈಮೂನಮ್ಮ, ಬಂದು ಎಳೆದುಕೊಂಡು ಹೋದರು. ಆಚೆ ದಡಕ್ಕೆ ಅಲ್ಲ, ಈಚೆ ದಡಕ್ಕೆ. ಆಚೆ ದಡ ಹತ್ತಿರ ಇತ್ತು ಮೋಳೆ. ನಾನು ಅರ್ಧ ದಾಟಿ ಆಗಿತ್ತು.

ಮಳೆ ಮುಗಿದ ಮೇಲೆ ಹೋಗುವೆಯಂತೆ ಎಂದರು. ಮಳೆ ಮುಗಿಯಿತು. ಮುಂದಿನ ವರ್ಷ ನೋಡುವ ಎಂದರು. ನಂತರ ಹೊಲಿಗೆ ಮೆಷಿನ್ ಬಂತು. ಅವರು ನನಗೆ ಒಂದು ಪೆಟ್ಟು ಹೊಡೆದವರಲ್ಲ. ನನ್ನ ಮೇಲೆ ಜೀವ ಇತ್ತು ಅವರಿಗೆ. ಅದಕ್ಕೇ ನಾನು ಒಂದು ದಿನವೂ ಸಿಟ್ಟು ಮಾಡಲಿಲ್ಲ. ಈಗ ಒಂದು ವಾರದಿಂದ ಸಿಟ್ಟು ಬರುತ್ತಿದೆ. ಸತ್ತು ಒಂಬತ್ತು ವರ್ಷವಾದ ಮೇಲೆ.

ತಿಮ್ಮಕ್ಕ ಬ್ಲೌಸಿಗೆ ಬಂದಿದ್ದರು, ಆಗಲಿಲ್ಲ ಎಂದೆ. "ಮಗಳ ಚಿಂತೆಯಾ? ನನ್ನ ಮಾತಿಗೆ ಬೇಜಾರು ಮಾಡಬೇಡ ಮಾರಾಯ್ತಿ, ನನ್ನ ನಾಲಿಗೆಗೆ ಎಲುಬಿಲ್ಲ, ಅದು ಬಚ್ಚಲಿನಲ್ಲಿ ಮುರಿಯುದಿಲ್ಲ" ಎಂದು ಕೈ ಹಿಡಿದು ಕುಳಿತರು. ಅವರಿಗೆ ನಾನು ಮಾಡಿದ್ದು ಗೊತ್ತಿದ್ದರೆ ಕೈ ಹಿಡಿಯುತ್ತಿದ್ದರಾ?

ಉಮ್ಮ

*

ಕಡಬ
21 ಫೆಬ್ರವರಿ 2025

ನಿನ್ನೆ ಮುಗಿದಿರಬೇಕು.

ಫೋನ್ ಬಂದರೆ ಎತ್ತುವುದು ಯಾರು ಎಂದು ನಾನು ಮತ್ತು ನಿನ್ನ ಉಪ್ಪ ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ. ಅವರು ಮೀನಿಗೆ ಹೋಗಲಿಲ್ಲ.

ಬರಲಿಲ್ಲ.

ಉಮ್ಮ

*

ಗುಲ್‌ಮಾರ್ಗ್
21 ಫೆಬ್ರವರಿ 2025

ಪ್ರೀತಿಯ ಉಮ್ಮಾ,

ನಾನು ಇದ್ದೇನೆ. ನಡೆಯುತ್ತೇನೆ, ತಿನ್ನುತ್ತೇನೆ. ಇದನ್ನು ಮೊದಲು ಓದಿ, ಉಳಿದದ್ದನ್ನು ಆಮೇಲೆ ಓದಿ. ಫೋನ್ ಲೈನ್ ಇನ್ನೂ ಸತ್ತೇ ಇದೆ, ಇಲ್ಲದಿದ್ದರೆ ಮಾತಾಡುತ್ತಿದ್ದೆ.

ನಿಮ್ಮ ಎರಡು ಪತ್ರಗಳು ಹದಿನೆಂಟಕ್ಕೆ ಒಟ್ಟಿಗೆ ಮೇಲಿನ ಕ್ಯಾಂಪಿಗೆ ಬಂದವು. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಆರನೇ ತಾರೀಕಿಗೆ ಮೊದಲ ಸಲ ಹಾಕಿದೆ. ಬಿಗಿ ಇತ್ತು, ಹೊಸತು ಎಂದು ಬಿಟ್ಟೆ. ಚಿಕ್ಕ ಗುಡ್ಡೆಯಲ್ಲೇ ಇಳಿದದ್ದು, ಪುಣ್ಯ. ಒಂದನೆಯ ಉಬ್ಬು ದಾಟಿತು. ಎರಡನೆಯದರಲ್ಲಿ ಕಾಲು ಅರ್ಧಕ್ಕೇ ನಿಂತಿತು, ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ. ಮೂರನೆಯದು ಎಸೆಯಿತು. ಎಡ ಭುಜದ ಮೇಲೆ ಬಿದ್ದೆ. ಮುರಿಯಲಿಲ್ಲ, ಉಳುಕಿತು. ಐದು ದಿನ ಕೈಯನ್ನು ಕುತ್ತಿಗೆಗೆ ಕಟ್ಟಿ ಕೂರಿಸಿದರು. ಏನಾಯಿತು ಎಂದು ಕೋಚ್ ಅಕ್ಕ ಕೇಳಿದಾಗ ಗೊತ್ತಿಲ್ಲ ಎಂದೆ.

ಕೋಣೆಗೆ ಬಂದು ಹಳದಿಯನ್ನು ಒಂದು ಮೂಲೆಯಲ್ಲಿ ಬಿಚ್ಚಿ ನೋಡಿದೆ. ತಪ್ಪಿ ಹೊಲಿದದ್ದು ಅಷ್ಟು ಚಂದ ಇರುವುದಿಲ್ಲ ಉಮ್ಮಾ. ಮದುವೆಯ ಬ್ಲೌಸಿಗೂ ನೀವು ಅಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ. ಆಗಲೇ ಗೊತ್ತಾಯಿತು. ಆ ದಿನ ನಿಮಗೆ ಒಂದು ಪತ್ರ ಬರೆದೆ. ಹರಿದೆ. ಅದರಲ್ಲಿ ಇದ್ದದ್ದು ನಿಮಗೆ ಬೇಡ.

ಆದರೆ ಇನ್ನೊಂದು ವಿಷಯ ಹೇಳಬೇಕು. ಗೊತ್ತಾದ ಮೇಲೂ ಮೂರು ದಿನ ನಾನು ಅದನ್ನು ಬಿಚ್ಚಲಿಲ್ಲ. ನಿಮಗೆ ಬರೆದ ಪತ್ರಗಳಲ್ಲಿ ಎಷ್ಟು ಸುಲಭ, ಎಷ್ಟು ಸುಲಭ ಎಂದು ಬರೆದೆನಲ್ಲ, ಪ್ರತಿ ಬೆಳಿಗ್ಗೆ ಮೇಲೆ ನಿಂತಾಗ ಬೂಟಿನ ಪಟ್ಟಿ ಸರಿ ಮಾಡುವ ನೆಪದಲ್ಲಿ ನಾನು ಇನ್ನೊಬ್ಬಳನ್ನು ಮುಂದೆ ಬಿಡುತ್ತೇನೆ. ಪ್ಯಾಂಟು ತೋರಿಸಿ, ನೋಡಿ ಅಕ್ಕಾ, ನನಗೆ ಇದೊಂದೇ ಇರುವುದು ಎಂದರೆ ಯಾರೂ ನನ್ನನ್ನು ಹೇಡಿ ಎನ್ನುತ್ತಿರಲಿಲ್ಲ. ಮನೆಗೆ ಬರಬಹುದಿತ್ತು. ತಪ್ಪು ನಿಮ್ಮದಾಗುತ್ತಿತ್ತು. ಮೂರು ದಿನ ಅದನ್ನೇ ಯೋಚಿಸುತ್ತಾ ಮಲಗಿದೆ.

ನಾಲ್ಕನೆಯ ದಿನ ಅಡುಗೆಯವರ ಹತ್ತಿರ ಬ್ಲೇಡ್ ಕೇಳಿ ತಂದು ಕುಳಿತೆ. ಒಂದೇ ಕೈಯಲ್ಲಿ. ಇಂಚಿಗೆ ಹದಿನಾಲ್ಕು ಹೊಲಿಗೆ ಇತ್ತು, ನಾನು ಲೆಕ್ಕ ಮಾಡಿದೆ. ಕ್ಯಾನ್‌ವಾಸ್ ಕಿತ್ತು ತೆಗೆದು ಹಳದಿಯನ್ನು ನಾನೇ ಪುನಃ ಹೊಲಿದೆ. ನೀವು ನೋಡಿದರೆ ಅಳುತ್ತೀರಿ, ಅಷ್ಟು ಕೆಟ್ಟದಾಗಿದೆ.

ನಿನ್ನೆ ಇಳಿದೆ. ಮೇಲೆ ನಿಂತಾಗ ಕಾಲು ನಡುಗುತ್ತಿತ್ತು. ಕೋಚ್ ಅಕ್ಕ, ನಡುಗುವ ಕಾಲು ಮಡಚುತ್ತದೆ, ಹೋಗು ಎಂದರು. ಮೂರನೆಯವಳಾಗಿ ಬಂದೆ. ಆರಿಸಿದ್ದಾರೆ. ಗೆರೆ ದಾಟಿದ ಮೇಲೆ ಖುಷಿಗೆ ಕಾಲು ನೆಟ್ಟಗೆ ಮಾಡಿ ಕೈ ಎತ್ತಿದೆ, ಅಲ್ಲಿ ಬಿದ್ದೆ. ಎಲ್ಲರೂ ನಕ್ಕರು. ಬಲ ಮೊಣಕಾಲಿನ ಹಳದಿ ಪೂರ್ತಿ ಹರಿದಿದೆ, ಕೆಳಗಿನ ಬಟ್ಟೆಯೂ ಹರಿದಿದೆ.

ಮಾರ್ಚ್ 22ಕ್ಕೆ ಸ್ಪರ್ಧೆ. ಕೆಳಗಿನ ಪೇಟೆಯಲ್ಲಿ ದರ್ಜಿಯ ಅಂಗಡಿ ತೆರೆದಿದೆ, ಅಲ್ಲಿಗೆ ಕೊಡು ಎಂದು ಕೋಚ್ ಅಕ್ಕ ಹೇಳಿದರು. ನಾನು ನಿಮಗೆ ಕಳುಹಿಸುತ್ತಿದ್ದೇನೆ.

ಹೆದರಿಕೆಯಾದರೆ ಬರೆಯಿರಿ ಉಮ್ಮಾ. ದಿನಕ್ಕೆ ಹತ್ತು ಪತ್ರ ಬರೆಯಿರಿ. ಹೊಲಿಯಬೇಡಿ.

ನಿಮ್ಮ
ಹನಾನ್

*

ಕಡಬ
5 ಮಾರ್ಚ್ 2025

ಮೋಳೇ ಹನಾನ್,

ಅಸ್ಸಲಾಮು ಅಲೈಕುಂ. ಪತ್ರವೂ ಪಾರ್ಸೆಲೂ ಶನಿವಾರ ಬಂತು. ನಾಳೆ ಬರೆಯುವ, ನಾಡಿದ್ದು ಬರೆಯುವ ಎಂದು ನಾಲ್ಕು ದಿನ ಆಯಿತು. ನಿನ್ನ ಪತ್ರವನ್ನು ಉಪ್ಪನಿಗೆ ಓದಿ ಹೇಳಿದೆ, ಎಲ್ಲವನ್ನೂ, ನಿನ್ನ ಭುಜದ್ದೂ. ಅವರು ಎದ್ದು ಹೋಗಿ ಒಲೆಯ ಮುಂದೆ ನಿಂತು, "ಇದೆಂತ ಹೊಗೆ ಇಷ್ಟು" ಎಂದರು. ಒಲೆ ಉರಿಯುತ್ತಿರಲಿಲ್ಲ.

ಮಾಫ್ ಮಾಡು ಎಂದು ಬರೆಯಲಿಕ್ಕೆ ಕುಳಿತೆ. ಅದು ಸಣ್ಣ ಮಾತು. ಹರಿದ ಪತ್ರದಲ್ಲಿ ನೀನು ಏನು ಬರೆದಿದ್ದೆಯೋ ಅದು ನನಗೆ ಸಲ್ಲಬೇಕಾದದ್ದೇ. ಮನೆಗೆ ಬಂದ ಮೇಲೆ ಬಾಯಲ್ಲಿ ಹೇಳು, ನಾನು ಕೇಳುತ್ತೇನೆ.

ಬರೆಯಿರಿ ಎಂದಿದ್ದೀ. ಬರೆಯುತ್ತೇನೆ. ನಿನ್ನ ಭುಜ ಪುನಃ ಅದೇ ಕಡೆ ತಾಗಿದರೆ ಎಂದು ಹೆದರಿಕೆ. ನೋಂಬು ಹಿಡಿದು ಇಳಿಯುತ್ತೀಯೋ ಎಂದು ಹೆದರಿಕೆ. ದೂರದ ಊರಿನಲ್ಲಿ ಇರುವವರು ಆಮೇಲೆ ಹಿಡಿದು ತೀರಿಸಬಹುದೆಂದು ಉಸ್ತಾದರು ಹೇಳಿದ್ದಾರೆ, ಹಟ ಮಾಡಬೇಡ. ಗೆಲ್ಲುತ್ತೀ ಎಂದು ಹೆದರಿಕೆ, ಗೆದ್ದರೆ ಇನ್ನೂ ದೊಡ್ಡ ಗುಡ್ಡೆಗೆ ಕರೆದುಕೊಂಡು ಹೋಗುತ್ತಾರೆ. ಸೋತು ಮುಖ ಸಣ್ಣ ಮಾಡಿಕೊಂಡು ಬರುತ್ತೀ ಎಂದೂ ಹೆದರಿಕೆ. ಬರೆದರೆ ಕಡಿಮೆಯಾಗುತ್ತದೆ ಎಂದು ನೀನು ಎಣಿಸಿದ್ದರೆ, ಆಗಲಿಲ್ಲ. ಒಂದು ಪುಟ ಹಿಡಿಯಿತು ಅಷ್ಟೆ.

ಪ್ಯಾಂಟಿನ ವಿಷಯ. ನಿನ್ನ ಹೊಲಿಗೆ ನೋಡಿದೆ. ಅತ್ತುಬಿಟ್ಟೆ, ನೀನು ಹೇಳಿದ ಹಾಗೆ. ಎರಡೂ ಹಳದಿ ತೆಗೆದು ಹೊಸತು ಹಾಕಿದ್ದೇನೆ. ಹರಿದಲ್ಲಿ ಅಗಲದ ತುಂಡು ಕೂರಿಸಿ, ಮೊಣಕಾಲಿನ ಎರಡೂ ಬದಿಗೆ ಮೂರು ಮೂರು ನೆರಿಗೆ ಬಿಟ್ಟಿದ್ದೇನೆ. ನಿಂತಾಗ ಮುಚ್ಚಿರುತ್ತದೆ, ಮಡಚಿದಾಗ ಬಿಚ್ಚುತ್ತದೆ. ಇಷ್ಟು ಸಾಕಾ, ಇನ್ನೂ ಬೇಕಾ ಎಂದು ನನಗೆ ಗೊತ್ತಾಗಲಿಲ್ಲ. ಟೇಪಿನಲ್ಲಿ ನೋಡಿದರೆ ಸಾಕು ಎಂದು ಕಾಣುತ್ತದೆ, ಆದರೆ ನನ್ನ ಟೇಪನ್ನು ನಾನೇ ಈಗ ನಂಬುವುದಿಲ್ಲ.

ಹಾಗಾಗಿ ನಿನ್ನೆ ಅಸರ್ ನಮಾಜಿನ ಹೊತ್ತಿಗೆ ಅಂಗಡಿಯ ಶಟರ್ ಎಳೆದು, ಒಳಗಿನಿಂದ ಚಿಲಕ ಹಾಕಿ, ಅದನ್ನು ನಾನೇ ಹಾಕಿಕೊಂಡೆ. ನಲವತ್ತಾರು ವರ್ಷಕ್ಕೆ ಮೊದಲ ಸಲ ಪ್ಯಾಂಟು. ಎರಡು ಮೆಷಿನ್‌ಗಳ ನಡುವೆ ನಿಂತು, ನೀನು ಬರೆದ ಹಾಗೆ ಕೈ ಮುಂದೆ ಹಿಡಿದು, ಎದೆ ಮುಂದೆ ಮಾಡಿ, ಮೊಣಕಾಲು ಎದೆಗೆ ತಾಗುವವರೆಗೆ ಕುಳಿತೆ, ಎದ್ದೆ. ಪುನಃ ಕುಳಿತೆ, ಎದ್ದೆ. ನೋಂಬಿನ ಬಾಯಿ, ತಲೆ ತಿರುಗಿತು, ಬಿಡಲಿಲ್ಲ. ಒಂದು ಸಲ ಎಡಗಡೆಯ ನೆರಿಗೆ ಸ್ವಲ್ಪ ಹಿಡಿಯಿತು. ಕಳಚಿ, ಬಿಚ್ಚಿ, ಕಾಲು ಇಂಚು ಬಿಟ್ಟುಕೊಟ್ಟು, ಮತ್ತೆ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದೆ. ಇಪ್ಪತ್ತು ಆಯಿತು. ಇಪ್ಪತ್ತೊಂದನೆಯದಕ್ಕೆ ಕುಳಿತವಳಿಗೆ ಏಳಲಿಕ್ಕೆ ಆಗಲಿಲ್ಲ. ಶಟರಿನ ಆಚೆಯಿಂದ ನಿನ್ನ ಉಪ್ಪ ತಟ್ಟುತ್ತಾ, "ಸುಹರಾ, ಒಳಗೆ ಎಂತ ಮಾಡುದು ನೀನು?" ಎಂದು ಕೇಳುತ್ತಿದ್ದರು. ಮಗಳ ಗುಡ್ಡೆ ಇಳಿಯುತ್ತಿದ್ದೇನೆ, ಸ್ವಲ್ಪ ನಿಲ್ಲಿ ಎಂದೆ.

ಬಟ್ಟೆ ಎಲ್ಲಿಯೂ ಹಿಡಿಯುವುದಿಲ್ಲ ಮೋಳೆ. ನೋಡಿ ಆಗಿದೆ. ಹೆದರಿಕೆ ಹಾಗೆಯೇ ಉಂಟು. ಪಾರ್ಸೆಲ್ ಇವತ್ತು ಬೆಳಿಗ್ಗೆ ಹಾಕಿದೆ.

ನಿನ್ನ ಉಮ್ಮ
ಸುಹರಾ